ಮಳೆ ನಿಂತ ಮೇಲೆ ಮಾಲಿಗೆ ಏನು ಕೆಲಸ?

"ಚಳಿಗಾಲದಲ್ಲಿ ಹುಲ್ಲೇ ಬೆಳೆಯುವುದಿಲ್ಲ, ನಿಮಗೆ ದುಡಿಮೆ ಎಲ್ಲಿಂದ?" ದಾವಣಗೆರೆಯ ವಿದ್ಯಾನಗರದ ಗೇಟುಗಳ ಮುಂದೆ ನಿಂತು ನಾನು ಅತಿ ಹೆಚ್ಚು ಸಲ ಉತ್ತರ ಕೊಟ್ಟ ಪ್ರಶ್ನೆ ಇದು. ಈ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗರೂ ಇದನ್ನೇ ಕೇಳುತ್ತಾರೆ, ದನಿ ತಗ್ಗಿಸಿ.

ಕೇಳುವುದರಲ್ಲಿ ತಪ್ಪಿಲ್ಲ. ಮೃಗಶಿರಾದಿಂದ ಸ್ವಾತಿ ಮಳೆಯವರೆಗೆ ಫೋನಿಗೆ ಬಿಡುವಿಲ್ಲ. ಕಳೆ ಕೀಳಬೇಕು, ಹುಲ್ಲು ಕತ್ತರಿಸಬೇಕು, ಸಸಿ ನೆಡಬೇಕು. ದೀಪಾವಳಿಗೆ ಅಂಗಳ ಚೊಕ್ಕಟವಾಯಿತೆಂದರೆ ಮತ್ತೆ ಜೂನ್ ತನಕ ನನ್ನ ನೆನಪು ಯಾರಿಗೂ ಇಲ್ಲ. ಮೊದಲ ವರ್ಷ ಡಿಸೆಂಬರ್‌ನಲ್ಲಿ ಅಡಿಕೆ ಮೂಟೆ ಹೊತ್ತಿದ್ದೇನೆ.

ಈಗ ಹೊರುವುದಿಲ್ಲ. ಕುಡುಗೋಲಿನ ಕಾಲ ಮುಗಿದಾಗ ಕತ್ತರಿಯ ಕಾಲ ಶುರುವಾಗುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು. ಗುಲಾಬಿಯನ್ನೇ ನೋಡಿ. ಅಕ್ಟೋಬರ್‌ನಲ್ಲಿ ಮಳೆಯ ಜೋರು ತಗ್ಗಿದ ಮೇಲೆ ಒಣಗಿದ, ಒಂದಕ್ಕೊಂದು ಉಜ್ಜುವ ಕಡ್ಡಿಗಳನ್ನು ತೆಗೆದುಹಾಕಿ, ಗಟ್ಟಿ ಕಡ್ಡಿಗಳನ್ನು ಅರ್ಧಕ್ಕೆ ಇಳಿಸುತ್ತೇನೆ. ಹೊರಮುಖವಾಗಿರುವ ಕಣ್ಣನ್ನು, ಅಂದರೆ ಚಿಗುರು ಒಡೆಯುವ ಜಾಗವನ್ನು ಹುಡುಕಿ, ಅದರಿಂದ ಕಾಲಿಂಚು ಮೇಲೆ, ಓರೆಯಾಗಿ, ಒಂದೇ ಹಿಡಿತಕ್ಕೆ ಕತ್ತರಿಸಬೇಕು. ಒಳಮುಖದ ಕಣ್ಣಿನ ಮೇಲೆ ಕತ್ತರಿಸಿದರೆ ಚಿಗುರೆಲ್ಲ ಗಿಡದ ನಡುವೆ ನುಗ್ಗಿ ಗಾಳಿಯಾಡುವುದಿಲ್ಲ. ಕತ್ತರಿ ಮೊಂಡಾಗಿದ್ದರೆ ಕಡ್ಡಿ ಜಜ್ಜಿಹೋಗಿ ತುದಿಯಿಂದ ಕಪ್ಪಾಗುತ್ತಾ ಕೆಳಗಿಳಿಯುತ್ತದೆ. ಗಾಯಕ್ಕೆ ತಾಮ್ರದ ಔಷಧಿಯ ಲೇಪ, ಬುಡಕ್ಕೆ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ. ಇಷ್ಟಾದ ಮೇಲೆ ಸುಮಾರು 45 ದಿನಕ್ಕೆ ಹೂ.

ಬರಿಗಡ್ಡಿ ನೋಡಿದ ಮನೆಯ ಅಮ್ಮನವರು, "ಇದೇನಪ್ಪಾ, ಗಿಡವನ್ನು ಬೋಳಿಸಿಬಿಟ್ಟೆಯಲ್ಲ!" ಎನ್ನುವುದು ಪ್ರತಿ ವರ್ಷದ ಮಾತು. ಅದಕ್ಕೇ ಅರ್ಧ ಕೂಲಿ ಮಾತ್ರ ಅಂದು ತೆಗೆದುಕೊಳ್ಳುತ್ತೇನೆ, ಉಳಿದದ್ದು ಹೂ ಬಂದ ಮೇಲೆ. ಅವರಿಗೆ ನಂಬಿಕೆ, ನನಗೆ ಡಿಸೆಂಬರ್‌ನ ರೇಷನ್. ಬಾಕಿ ಕೇಳಲು ಹೋದಾಗ ಅಂಗಳದಲ್ಲಿ ಇನ್ನೊಂದು ಕೆಲಸ ಕಣ್ಣಿಗೆ ಬಿದ್ದೇ ಬೀಳುತ್ತದೆ. ದುಂಡು ಮಲ್ಲಿಗೆ ಹೆಚ್ಚಾಗಿ ಹೀಗೆಯೇ ಸಿಗುವುದು. ನವೆಂಬರ್ ಕೊನೆಯ ಹೊತ್ತಿಗೆ ಮೊಣಕಾಲೆತ್ತರಕ್ಕೆ ಸವರಿದರೆ ಬೇಸಿಗೆಯಲ್ಲಿ ಮೊಗ್ಗು ಬಿಡಿಸಿ ಸಾಕಾಗುತ್ತದೆ.

ಸಿಕ್ಕಿದ್ದಕ್ಕೆಲ್ಲ ಕತ್ತರಿ ಹಾಕಬಾರದು. ಒಂದು ಡಿಸೆಂಬರ್‌ನಲ್ಲಿ ಕಾಸಿನ ಆಸೆಗೆ ಮಾವಿನ ಮರವನ್ನು ಸುತ್ತಲೂ ಸವರಿ ಚೆಂದ ಮಾಡಿದೆ. ಮಾವು ಹೂ ಬಿಡುವುದೇ ಬಲಿತ ರೆಂಬೆಗಳ ತುದಿಯಲ್ಲಿ. ಆ ವರ್ಷ ಉಪ್ಪಿನಕಾಯಿಗೂ ಕಾಯಿ ಇಲ್ಲ, ಆ ಮನೆಯೂ ಕೈತಪ್ಪಿತು. ಈಗ ಯಾರು ಕರೆದರೂ, ಕಾಯಿ ಕೊಯ್ದ ಮೇಲೆ ಬರುತ್ತೇನೆ ಎನ್ನುತ್ತೇನೆ.

ಹತ್ತು ಮನೆಗಳು ತಿಂಗಳ ಲೆಕ್ಕಕ್ಕೆ ಒಪ್ಪಿಕೊಂಡಿವೆ. ಡಿಸೆಂಬರ್‌ನಲ್ಲಿ ಕೇಳಿದ್ದರೆ ಒಬ್ಬರೂ ಒಪ್ಪುತ್ತಿರಲಿಲ್ಲ. ನಾನು ಕೇಳಿದ್ದು ಆಗಸ್ಟ್‌ನಲ್ಲಿ, ಹುಲ್ಲು ಮೊಣಕಾಲು ಮುಟ್ಟಿದ್ದಾಗ.

ಇನ್ನು ಸೇವಂತಿಗೆ. ಹಗಲು ಗಿಡ್ಡವಾದಾಗ ಮೊಗ್ಗು ಕಟ್ಟುವ ಗಿಡ ಇದು, ಚಳಿಗಾಲದ ಮಾಲಿಗೆಂದೇ ಹುಟ್ಟಿದಂತಿದೆ. ನಮ್ಮೂರ ಉದ್ಯಾನದ ಗಾಜಿನ ಮನೆ ನೋಡಿ ಬಂದವರು ಅಂಥದ್ದೇ ಬಣ್ಣ ಮನೆ ಮುಂದೆಯೂ ಬೇಕೆನ್ನುತ್ತಾರೆ. ಕುಂಡಗಳು ಸಲೀಸಾಗಿ ಹೋಗುತ್ತವೆ. ಹೂ ಬಾಡಿದ ಮೇಲೆ ಅವೇ ಕುಂಡಗಳನ್ನು ಬೀದಿಗಿಡುತ್ತಾರೆ, ನಾನು ಮೊಪೆಡ್‌ನಲ್ಲಿ ಹೇರಿಕೊಂಡು ಬರುತ್ತೇನೆ. ಮುಂದಿನ ವರ್ಷದ ಸಸಿಗಳು ಅದರಲ್ಲೇ ಇರುತ್ತವೆ.

ಹೋದ ವಾರ ಒಂದು ಮನೆಯ ಕಸದ ಬುಟ್ಟಿಯ ಪಕ್ಕದಿಂದ ಆರು ಕುಂಡ ಎತ್ತುತ್ತಿದ್ದೆ. "ಸತ್ತ ಗಿಡ ಯಾಕಣ್ಣ ನಿಮಗೆ?" ಎಂದು ಆ ಮನೆಯ ಸೊಸೆ ಕೇಳಿದಳು. ಒಣಗಿದ ಎಲೆ ಸರಿಸಿ, ಬುಡದಲ್ಲಿ ಎದ್ದಿದ್ದ ಬೆರಳುದ್ದದ ಹಸಿರು ಮರಿಗಳನ್ನು ತೋರಿಸಿದೆ. ಬಗ್ಗಿ ಎಣಿಸಿದಳು, ಏಳಿದ್ದವು. ಎರಡು ಕುಂಡ ವಾಪಸ್ ಒಳಗೆ ಹೋದವು, ನನ್ನ ಪಾಲಿಗೆ ನಾಲ್ಕು.