ಉಸಿರಾಡೋದನ್ನೇ ಮರೆತುಬಿಡ್ತವಮ್ಮ

ಮಂಗಳವಾರ ತಂಗಿಯ ಮಗುವಿಗೆ ಆರ್‌ಒಪಿ ಪರೀಕ್ಷೆ, ಅಂದರೆ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಬರುವ ಕಣ್ಣಿನ ಕಾಯಿಲೆಯ ತಪಾಸಣೆ. 30 ವಾರಕ್ಕೇ ಹುಟ್ಟಿದ ಕೂಸು. ಹುಟ್ಟಿ ತಿಂಗಳು ತುಂಬುವಷ್ಟರಲ್ಲಿ ರೆಟಿನಾ, ಅಂದರೆ ಕಣ್ಣಿನ ಒಳಪರದೆ, ನೋಡಿಸಲೇಬೇಕು, ಬಿಟ್ಟರೆ ಕೆಲವು ಮಕ್ಕಳಿಗೆ ಕಣ್ಣೇ ಹೋಗುತ್ತದೆ. ಅಷ್ಟು ಗೊತ್ತಿತ್ತು. ರೆಪ್ಪೆ ಮುಚ್ಚದ ಹಾಗೆ ತಂತಿಯ ಕ್ಲಿಪ್ ಹಾಕುತ್ತಾರೆ ಅನ್ನೋದು ಗೊತ್ತಿರಲಿಲ್ಲ.

"ಸಿಸ್ಟರ್, ನೋವಾಗದ ಹಾಗೆ ಏನಾದ್ರೂ ಕೊಡಿ" ಅಂದಳು ತಂಗಿ.

"ಕಣ್ಣಿಗೆ ಮರಗಟ್ಟೋ ಡ್ರಾಪ್ಸ್ ಹಾಕಿದೀವಿ. ಜೋರು ಔಷಧಿ ಕೊಟ್ರೆ ಇಷ್ಟು ಚಿಕ್ಕವು ಉಸಿರಾಡೋದನ್ನೇ ಮರೆತುಬಿಡ್ತವಮ್ಮ."

ಮರೆಯೋದು! ನಾನು ಕನ್ನಡಕ ಮರೆಯುತ್ತೇನೆ, ಗ್ಯಾಸ್ ಆರಿಸೋದು ಮರೆಯುತ್ತೇನೆ. ಉಸಿರು?

ತಂಗಿಯ ಅತ್ತೆ ಪಕ್ಕದಿಂದ, "ಕೂಸಿಗೇನು ಗೊತ್ತಾಗತ್ತೆ, ನಾಳೆ ನೆನಪೂ ಇರಲ್ಲ" ಅಂದರು. ಒಳ್ಳೆಯವರೇ, ಬಾಯಿ ಮಾತ್ರ ಹಾಗೆ. ಆದರೆ ಅವರೊಬ್ಬರನ್ನೇ ಬೈದು ಪ್ರಯೋಜನವಿಲ್ಲ. ಒಂದು ಕಾಲಕ್ಕೆ ದೊಡ್ಡ ದೊಡ್ಡ ಡಾಕ್ಟರುಗಳೂ ಹಾಗೇ ಅಂದುಕೊಂಡಿದ್ದರು. ಮೈ ಅಲುಗದಂತೆ ಮದ್ದು ಕೊಟ್ಟು, ನೋವಿಗೆ ಹೆಚ್ಚೇನೂ ಕೊಡದೆ ಹಸುಗೂಸುಗಳಿಗೆ ಆಪರೇಷನ್ ಮಾಡುತ್ತಿದ್ದರು. ಭಾರತದಲ್ಲಿ ಓದಿ ಆಕ್ಸ್‌ಫರ್ಡ್‌ಗೆ ಹೋದ ಡಾಕ್ಟರ್ ಕೆ.ಜೆ.ಎಸ್. ಆನಂದ್ 1987ರಲ್ಲಿ ಅದು ತಪ್ಪು ಅಂತ ತೋರಿಸಿದರು. ಫೆಂಟನಿಲ್ ಅನ್ನೋ ಜೋರು ನೋವಿನ ಮದ್ದು ಕೂಡ ಕೊಟ್ಟ ಮಕ್ಕಳಿಗೆ ಆಪರೇಷನ್ ಆದಮೇಲಿನ ತೊಂದರೆಗಳು ಕಡಿಮೆಯಿದ್ದವು.

ಹಾಗಾದರೆ ನಮ್ಮ ಕೂಸಿಗೂ ಕೊಡಬಹುದಲ್ವಾ? ರಾತ್ರಿ ನಿದ್ದೆ ಬಾರದೆ ಹುಡುಕಿ ಓದಿದೆ. ಬ್ರಿಟನ್ನಿನಲ್ಲಿ ಇದೇ ಕಣ್ಣಿನ ಪರೀಕ್ಷೆಗೆ ಮೊದಲು ಅದೇ ಜಾತಿಯ ಮದ್ದು ಮಾರ್ಫಿನ್ ಅನ್ನು ಬಾಯಿಗೆ ಕೊಟ್ಟು ನೋಡಿದ್ದರಂತೆ. 31 ಮಕ್ಕಳು ಸೇರುವಷ್ಟರಲ್ಲಿ ಆ ಅಧ್ಯಯನವನ್ನೇ ನಿಲ್ಲಿಸಿದರು. ಮಾರ್ಫಿನ್ ಕೊಟ್ಟವಕ್ಕೆ ಉಸಿರಿನ ತೊಂದರೆ ಜಾಸ್ತಿಯಾಯಿತು, ನೋವೂ ಕಡಿಮೆಯಾದಂತೆ ಕಾಣಲಿಲ್ಲ. 2018ರಲ್ಲಿ ಇದನ್ನು ಪ್ರಕಟಿಸಿದ್ದಾರೆ.

ಅಂದರೆ ಸಿಸ್ಟರ್ ಹೇಳಿದ್ದೇ ಸರಿ. ಆದರೂ ನನಗೆ ಸಿಟ್ಟಿದೆ. ಇದನ್ನು ಬೆಳಿಗ್ಗೆಯೇ ಕೂರಿಸಿ ಹೇಳಬಹುದಿತ್ತು. ಕ್ಲಿಪ್ ಕೈಯಲ್ಲಿ ಹಿಡಿದು ಹೇಳೋ ಮಾತಾ ಅದು?

ಕೈ ಮಾತ್ರ ಅವರದು ಮೆತ್ತಗೆ. ಕೂಸನ್ನು ಹತ್ತಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದರು. ನಾಲಿಗೆ ತುದಿಗೆ ಎರಡು ಹನಿ ಸಕ್ಕರೆ ನೀರು ಬಿಟ್ಟು, ಒಂದೆರಡು ನಿಮಿಷ ಕಾದರು. ಆದರೂ ಅತ್ತಿತು. ನಾನು ಮಗುವಿನ ಮುಖ ನೋಡಲಿಲ್ಲ, ಮಾನಿಟರ್ ನೋಡುತ್ತಾ ನಿಂತಿದ್ದೆ. ಅತ್ತರೆ ಉಸಿರಾಡುತ್ತಿದೆ ಅಂತ ತಾನೇ?

ಎರಡು ವಾರ ಬಿಟ್ಟು ಮತ್ತೆ ನೋಡಬೇಕಂತೆ.

"ಮುಂದಿನ ಸಲ ಸಕ್ಕರೆ ನೀರಿನ ಬದಲು ನನ್ನ ಹಾಲೇ ಬಿಡಬಹುದಾ?" ತಂಗಿ ಕೇಳಿದಳು.

"ಬಿಡಬಹುದಮ್ಮ. ಹಿಂಡಿ ತಂದಿಟ್ಟಿರಿ" ಅಂದರು ಸಿಸ್ಟರ್.