ಜನರೇಟರ್ ಓಡ್ತಿತ್ತು, ರಿಮೋಟ್‌ನಲ್ಲಿ ಸೆಲ್ ಇರಲಿಲ್ಲ

ಏಪ್ರಿಲ್ ತಿಂಗಳ ಒಂದು ಭಾನುವಾರ. ಊಟ ಮಾಡಿ ಆಗಷ್ಟೇ ಅಡ್ಡಾಗಿದ್ದೆ. ಕಾಲೇಜಿನ ವಾಚ್‌ಮನ್ ಫೋನ್ ಮಾಡಿದರು.

"ಸರ್ರ, ನಿಮ್ ಸರ್ವರ್ ರೂಮ್ ಬಾಳ ಒದರ್ಲಕತ್ತದ ನೋಡ್ರಿ."

"ಕರೆಂಟ್ ಹೋಗ್ಯಾದೇನ್ರಿ?"

"ಹೋಗ್ಯಾದ್ರಿ. ಜನರೇಟರ್ ಚಾಲೂ ಮಾಡೀನಿ. ಲೈಟು, ಫ್ಯಾನು ಎಲ್ಲಾ ಅವ."

ಜನರೇಟರ್ ಇದೆಯಲ್ಲ, ಇನ್ನೇನು ಚಿಂತೆ ಅಂದುಕೊಂಡೇ ಬೈಕ್ ಹತ್ತಿದೆ. ಕಲಬುರಗಿಯ ಆ ಬಿಸಿಲಲ್ಲಿ ಹೋಗಿ ಬಾಗಿಲು ತೆಗೆದರೆ, ಒಳಗಿನ ಗಾಳಿ ಹೊರಗಿಗಿಂತ ಬಿಸಿ! ರ‍್ಯಾಕ್‌ಗೆ ಅಂಟಿಸಿದ್ದ ಥರ್ಮಾಮೀಟರ್ 47 ತೋರಿಸುತ್ತಿತ್ತು. ಸರ್ವರ್‌ಗೆ 18ರಿಂದ 27 ಡಿಗ್ರಿ ಒಳ್ಳೆಯದು ಅಂತಾರೆ. ಫ್ಯಾನುಗಳು ಮಿಕ್ಸರ್ ಥರ ಕಿರುಚುತ್ತಿದ್ದವು.

ಕರೆಂಟ್ ಹೋದಾಗ ಬ್ಯಾಟರಿಯಿಂದ ಸರ್ವರ್ ಓಡಿಸುವ ಯುಪಿಎಸ್ ತನ್ನ ಕೆಲಸ ಸರಿಯಾಗೇ ಮಾಡಿತ್ತು. ಎಡವಟ್ಟಾಗಿದ್ದೇ ಅಲ್ಲಿ. ನಮ್ಮ ಏಸಿ ಯುಪಿಎಸ್ ಮೇಲಿಲ್ಲ. ಕಂಪ್ರೆಸರ್ ಶುರುವಾಗುವಾಗ ಒಮ್ಮೆಲೇ ಎಳೆಯುವ ಕರೆಂಟನ್ನು ಅದು ತಡೆಯಲ್ಲ. ಹಾಗಾಗಿ ಕರೆಂಟ್ ಹೋದರೆ ಸರ್ವರ್ ಓಡುತ್ತವೆ, ಏಸಿ ನಿಲ್ಲುತ್ತದೆ. ಸರ್ವರ್ ತಿನ್ನುವ ಕರೆಂಟೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರೋದು. ನಮ್ಮದು 4 ಕಿಲೋವ್ಯಾಟ್. ಅಂದ್ರೆ, ಕಿಟಕಿಯಿಲ್ಲದ ಕೋಣೆಯಲ್ಲಿ 1000 ವ್ಯಾಟಿನ ನಾಲ್ಕು ಇಸ್ತ್ರಿ ಪೆಟ್ಟಿಗೆ ಆನ್ ಮಾಡಿಟ್ಟು ಬಾಗಿಲು ಹಾಕಿಕೊಂಡು ಹೋದಂಗೆ.

ಜನರೇಟರ್ ಬಂದ ಮೇಲೂ ಏಸಿ ಯಾಕೆ ಸುಮ್ನಿತ್ತು? ಅದು ಹಳೇ ಮನೆಬಳಕೆಯ ಮಾಡೆಲ್. ಕರೆಂಟ್ ಹೋಗಿ ಬಂದರೆ ತಾನಾಗಿ ಶುರುವಾಗಲ್ಲ, ರಿಮೋಟ್ ಒತ್ತಬೇಕು. ರಿಮೋಟ್ ಸಿಕ್ಕಿತು. ಒಳಗೆ ಸೆಲ್ಲೇ ಇಲ್ಲ! ಯಾರೋ ಪುಣ್ಯಾತ್ಮರು ಸೆಮಿನಾರ್ ಹಾಲ್‌ನ ಪ್ರೊಜೆಕ್ಟರ್ ರಿಮೋಟ್‌ಗೆ ಹಾಕಿಕೊಂಡಿದ್ದರು. ಏಸಿಯ ಮುಂದಿನ ಮುಚ್ಚಳ ಎತ್ತಿದರೆ ಒಂದು ಸಣ್ಣ ಬಟನ್ ಇದೆ, ರಿಮೋಟ್ ಇಲ್ಲದೆಯೂ ಆನ್ ಆಗುತ್ತದೆ. ಅವತ್ತು ಅದು ನೆನಪಾಗಿದ್ದು ಎಲ್ಲ ಸರ್ವರ್ ಆಫ್ ಮಾಡಿ, ಬೆವರು ಒರೆಸಿಕೊಂಡು ಕೂತ ಮೇಲೆ. ಆ ವಾರವೇ ಎರಡು ಹಾರ್ಡ್‌ಡಿಸ್ಕ್ ಹೋದವು.

ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಇದಕ್ಕೆ ತಣ್ಣೀರಿನ ಟ್ಯಾಂಕ್ ಇಟ್ಟಿರುತ್ತಾರೆ. ಕರೆಂಟ್ ಹೋಗಿ ಬಂದ ಮೇಲೆ ಚಿಲ್ಲರ್, ಅಂದ್ರೆ ನೀರು ತಣ್ಣಗೆ ಮಾಡುವ ಯಂತ್ರ, ಮತ್ತೆ ಶುರುವಾಗಲು ಕೆಲವು ನಿಮಿಷ ಬೇಕು. ಅಲ್ಲಿತನಕ ಯುಪಿಎಸ್‌ನಿಂದ ಓಡುವ ಪಂಪು ಆ ನೀರನ್ನು ತಿರುಗಿಸುತ್ತಿರುತ್ತದೆ. ಅವರದೂ ಕೈಕೊಡುತ್ತದೆ ಬಿಡಿ. 2022ರ ಜುಲೈ 19ರಂದು ಲಂಡನ್‌ನಲ್ಲಿ 40 ಡಿಗ್ರಿ ದಾಟಿದಾಗ ಗೂಗಲ್, ಒರಾಕಲ್‌ನ ಡೇಟಾ ಸೆಂಟರ್‌ಗಳಲ್ಲೇ ಕೂಲಿಂಗ್ ಕೆಟ್ಟು ಸೇವೆ ನಿಂತಿತ್ತು. 40 ಅಂದ್ರೆ ನಮ್ಮೂರಲ್ಲಿ ಯಾರೂ ತಲೆ ಎತ್ತಿಯೂ ನೋಡಲ್ಲ.

ನಮಗೆಲ್ಲಿಯ ಟ್ಯಾಂಕು? ತಾನಾಗಿ ಶುರುವಾಗೋ ಏಸಿ ಹಾಕಿಸಿದೆವು. ಮೊದಲು ಬ್ಯಾಟರಿ 20 ಪರ್ಸೆಂಟ್‌ಗೆ ಇಳಿದಾಗ ಸರ್ವರ್ ಆಫ್ ಆಗುವಂತಿತ್ತು. ಅವತ್ತು ಜನರೇಟರ್ ಬಂದಿದ್ದರಿಂದ ಬ್ಯಾಟರಿ ಇಳಿಯಲೇ ಇಲ್ಲ, ಸರ್ವರ್ ಬೇಯುತ್ತಲೇ ಇದ್ದವು. ಈಗ ರೂಮು 35 ಡಿಗ್ರಿ ಮುಟ್ಟಿದರೆ ಸಾಕು, ಒಂದೊಂದಾಗಿ ಆಫ್ ಆಗುತ್ತವೆ. ರಿಮೋಟ್‌ಗೆ ದಾರ ಕಟ್ಟಿ ಬಾಗಿಲಿಗೆ ನೇತುಹಾಕಿದ್ದೇನೆ. ಸೆಲ್ ಮುಚ್ಚಳಕ್ಕೆ ಮೂರು ಸುತ್ತು ಇನ್ಸುಲೇಷನ್ ಟೇಪ್.