ಹುತ್ತರಿ ಮುಗಿಸಿ ಯೂರೋಪಿಗೆ: ಮೂರನೇ ಅಪ್ಡೇಟ್, ರೂಟ್ ಉಲ್ಟಾ ಆಯ್ತು

ದೊಡ್ಡ ಸುದ್ದಿ ಮೊದಲು ಹೇಳಿಬಿಡುತ್ತೇನೆ. ನಾಲ್ಕು ತಿಂಗಳು ಕೂತು ಮಾಡಿದ ರೂಟನ್ನು ಹೋದ ಭಾನುವಾರ ಪೂರ್ತಿ ತಿರುಗಿಸಿ ಹಾಕಿದೆವು. ತಪ್ಪು ನನ್ನದೇ.

ಹಿಂದಿನ ಎರಡು ಅಪ್ಡೇಟ್ ಓದದವರಿಗೆ: ಡಿಸೆಂಬರಿನಲ್ಲಿ ಯೂರೋಪಿಗೆ ಹೊರಟಿರುವ ಕೊಡಗಿನ ನಾಲ್ಕು ಜನ ನಾವು. ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆ, ಮತ್ತೆ ನಾನು ಸುಂಟಿಕೊಪ್ಪ. ಕಾಲೇಜಿನಿಂದಲೂ ಊರಿನ ಹೆಸರಲ್ಲೇ ಕರೆದುಕೊಂಡು ಅಭ್ಯಾಸ, ಇಲ್ಲೂ ಹಾಗೇ ಬರೆಯುತ್ತೇನೆ. ಡಿಸೆಂಬರೇ ಯಾಕೆ ಅಂದರೆ ಬೇರೆ ದಾರಿ ಇಲ್ಲ. ಹುತ್ತರಿ ನಮ್ಮ ಸುಗ್ಗಿ ಹಬ್ಬ, ಅದನ್ನು ಬಿಟ್ಟು ಹೊರಡೋಕೆ ಮನೆಯಲ್ಲಿ ಬಿಡುವುದಿಲ್ಲ. ಜನವರಿ ಬಂತು ಅಂದರೆ ನನ್ನ ರೋಬಸ್ಟಾ ಕಾಫಿ ಹಣ್ಣಾಗುತ್ತದೆ, ಆಮೇಲೆ ಕಣ ಬಿಟ್ಟು ಮಡಿಕೇರಿಗೆ ಹೋಗುವುದೂ ಕಷ್ಟ. ನಡುವೆ ಸಿಗೋದು ಎರಡೇ ವಾರ. ಸೋಮವಾರಪೇಟೆಯದು ಅರೇಬಿಕಾ, ಅವನಿಗೆ ಅದೇ ಹೊತ್ತಿಗೆ ಕೊಯ್ಲು. ಪಾಪ, ತಮ್ಮನಿಗೆ ಏನೇನು ಆಸೆ ತೋರಿಸಿ ಒಪ್ಪಿಸಿದ್ದಾನೋ ಗೊತ್ತಿಲ್ಲ.

ಹಳೇ ರೂಟ್ ಹೀಗಿತ್ತು. ಬೆಂಗಳೂರಿಂದ ಮ್ಯೂನಿಕ್‌ಗೆ ನೇರ ವಿಮಾನ, ಅಲ್ಲಿಂದ ರೈಲಿನಲ್ಲಿ ಪ್ರಾಗ್, ವಿಯೆನ್ನಾ, ಲುಬ್ಲಿಯಾನಾ, ಟ್ರಿಯೆಸ್ಟೆ, ವೆನಿಸ್, ವಾಪಸ್ ಮ್ಯೂನಿಕ್. ಇದರಲ್ಲಿ ಇಟಲಿಯ ಟ್ರಿಯೆಸ್ಟೆ ನನ್ನ ಹಟ. ಉಳಿದ ಮೂವರಿಗೆ ಬೇಕಾಗಿದ್ದು ಕ್ರಿಸ್‌ಮಸ್ ಮಾರ್ಕೆಟ್ಟು, ದೀಪ, ಹಿಮ. "ಆ ಊರಲ್ಲಿ ಏನಿದೆ?" ಅಂತ ಕುಶಾಲನಗರ ಕೇಳಿದಾಗ "ಕಾಫಿ ಬಂದರು" ಅಂದೆ. "ಕಾಫಿ ನೋಡೋಕೆ ನೀನು ದುಡ್ಡು ಕೊಟ್ಟು ಹೋಗಬೇಕಾ?" ಅಂತ ನಕ್ಕಳು.

ನಗಲಿ. ನನ್ನ ಲೆಕ್ಕ ಬೇರೆ. ಚೆರಿ (ಕಾಫಿ ಹಣ್ಣು) ಒಣಗಿಸಿ, 50 ಕೆಜಿ ಮೂಟೆ ಕಟ್ಟಿ, ಔಟ್‌ಟರ್ನ್ (ಒಣ ಚೆರಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನೋ) ಲೆಕ್ಕದಲ್ಲಿ ನಾಲ್ಕು ಮಾತು ಜಗಳ ಆಡಿ ಲಾರಿಗೆ ಹತ್ತಿಸುತ್ತೇವೆ. ಆಮೇಲೆ ಅದು ಎಲ್ಲಿಗೆ ಹೋಯಿತು ಅಂತ ನಮಗೆ ಗೊತ್ತಾಗುವುದೇ ಇಲ್ಲ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಎಸ್ಪ್ರೆಸ್ಸೋ ಮೇಲಿನ ಕಂದು ನೊರೆ ದಪ್ಪಗೆ ಕೂರೋಕೆ ಅವರಿಗೆ ರೋಬಸ್ಟಾ ಬೇಕು. ಟ್ರಿಯೆಸ್ಟೆ 1719ರಿಂದ ಸುಂಕವಿಲ್ಲದ ಬಂದರು. 1918ರವರೆಗೆ ಆಸ್ಟ್ರಿಯಾ ಸಾಮ್ರಾಜ್ಯದ್ದು, ವಿಯೆನ್ನಾದಿಂದ ಅಲ್ಲಿಗೆ 1857ರಲ್ಲೇ ರೈಲು ಬಂತು. ವಿಯೆನ್ನಾದ ಕಾಫಿ ಹೌಸ್‌ಗಳಲ್ಲಿ ಬೆಳ್ಳಿ ತಟ್ಟೆ ಮೇಲೆ ಒಂದು ಲೋಟ ನೀರಿನ ಜೊತೆ ಕಾಫಿ ಇಡುತ್ತಾರಲ್ಲ, ಅದಕ್ಕೆ ಬೀಜ ಬರುತ್ತಿದ್ದ ಬಾಗಿಲು ಇದು. ಟ್ರಿಯೆಸ್ಟೆಯಲ್ಲಿ ಕಾಫಿ ಕೇಳೋ ಭಾಷೆಯೂ ಬೇರೆಯಂತೆ. ಎಸ್ಪ್ರೆಸ್ಸೋಗೆ 'ನೀರೋ' ಅನ್ನಬೇಕು. ಸ್ವಲ್ಪ ಹಾಲು ಹಾಕಿದ್ದಕ್ಕೆ 'ಕಾಪೋ', ಅದೇ ಪುಟ್ಟ ಗಾಜಿನ ಲೋಟದಲ್ಲಿ ಬೇಕಾದರೆ 'ಕಾಪೋ ಇನ್ ಬಿ'. ನಾನು ಬೆಲ್ಲದ ಕಾಫಿ ಕುಡಿಯುತ್ತಾ ಇದನ್ನು ಬಾಯಿಪಾಠ ಮಾಡುತ್ತಿದ್ದೇನೆ.

ಈಗ ತಪ್ಪಿಗೆ ಬರುತ್ತೇನೆ. ಇಷ್ಟೆಲ್ಲಾ ವಾದ ಮಾಡಿ ಗೆದ್ದೆನಲ್ಲ, ತಾರೀಕು ಮಾತ್ರ ನೋಡಿರಲಿಲ್ಲ. ಹಳೇ ರೂಟಿನಲ್ಲಿ ನಾವು ಟ್ರಿಯೆಸ್ಟೆಯಲ್ಲಿ ಇರುವುದು ಡಿಸೆಂಬರ್ 25 ಮತ್ತು 26. ಇಟಲಿಯಲ್ಲಿ ಎರಡೂ ದಿನ ಸರ್ಕಾರಿ ರಜೆ. ಅರ್ಧ ಊರಿನ ಬಾಗಿಲು ಹಾಕಿರುತ್ತದೆ. ಕಾಫಿ ಬಂದರಿಗೆ ಹೋಗಿ ಮುಚ್ಚಿದ ಕಾಫಿ ಅಂಗಡಿ ಎದುರು ನಿಂತು ಫೋಟೋ ತೆಗೆಸಿಕೊಂಡು ಬರುವ ಪ್ಲಾನ್! ಕಂಡುಹಿಡಿದದ್ದು ವಿರಾಜಪೇಟೆ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಮೊದಲು ಹತ್ತು ನಿಮಿಷ ಸುಮ್ನೆ ನಕ್ಕ.

ಭಾನುವಾರ ಕುಶಾಲನಗರದ ಮನೆಯಲ್ಲಿ ಕ್ಯಾಲೆಂಡರ್ ಹಿಂಭಾಗದಲ್ಲಿ ಹೊಸದು ಬರೆದೆವು. ಮ್ಯೂನಿಕ್ 1 ರಾತ್ರಿ, ವೆನಿಸ್ 1, ಟ್ರಿಯೆಸ್ಟೆ 2, ಲುಬ್ಲಿಯಾನಾ 1, ವಿಯೆನ್ನಾ 4, ಪ್ರಾಗ್ 3, ಕೊನೆಗೆ ಮ್ಯೂನಿಕ್ 1. ಇದು ಹಳೆಯದಕ್ಕಿಂತ ಚೆನ್ನಾಗಿದೆ, ಬೇಜಾರಿನಲ್ಲೂ ಒಪ್ಪಬೇಕು. ಮ್ಯೂನಿಕ್‌ನ ಮಾರ್ಕೆಟ್ಟು 24ಕ್ಕೇ ಮುಗಿಯುತ್ತದೆ, ನಾವು 15ಕ್ಕೇ ಅಲ್ಲಿರುತ್ತೇವೆ. ಪ್ರಾಗ್‌ನದು ಜನವರಿ 6ರವರೆಗೂ ಇರುತ್ತದೆ, ಅದನ್ನು ಕೊನೆಗೆ ಇಟ್ಟರೆ ನಷ್ಟ ಇಲ್ಲ. ಲುಬ್ಲಿಯಾನಾದಿಂದ ವಿಯೆನ್ನಾಗೆ ಸೆಮ್ಮರಿಂಗ್ ಬೆಟ್ಟ ಹತ್ತಿ ಇಳಿಯುವ 1854ರ ರೈಲು ಹಾದಿ ಹೇಗೂ ಸಿಗುತ್ತದೆ. ರೈಲೇ ಇಲ್ಲದ ಜಿಲ್ಲೆಯವರು ನಾವು, ಹಗಲಲ್ಲೇ ಹೋಗಬೇಕು ಅಂತ ತೀರ್ಮಾನ. ಆ ಹಗಲೂ ಸಾಯಂಕಾಲ ನಾಲ್ಕಕ್ಕೇ ಮುಗಿಯುತ್ತದೆ, ಆದ್ದರಿಂದ ಬೆಳಗಿನ ರೈಲೇ. ನಷ್ಟ ಅಂದರೆ ಟ್ರಿಯೆಸ್ಟೆ ರೂಮು ಒಂದೇ. ಇನ್ನೂರು ರೂಪಾಯಿ ಕಡಿಮೆ ಅಂತ ಕ್ಯಾನ್ಸಲ್ ಆಗದ ರೂಮು ತೆಗೆದಿದ್ದೆ. ಪೂರ್ತಿ ದುಡ್ಡು ಹೋಯಿತು, ನನ್ನ ಪಾಲಿನಿಂದಲೇ.

ವಿಯೆನ್ನಾದ ನಾಲ್ಕು ರಾತ್ರಿ ಮುಟ್ಟುವ ಹಾಗಿಲ್ಲ. ಯೂರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ ಇದೆ, ಷೆಂಗೆನ್ ಅಂತ. ಅದಕ್ಕೆ ಜಾಸ್ತಿ ದಿನ ಇರುವ ದೇಶಕ್ಕೇ ಅರ್ಜಿ ಹಾಕಬೇಕು, ನಮ್ಮದು ಆಸ್ಟ್ರಿಯಾ. ಸೋಮವಾರಪೇಟೆ ಪ್ರಾಗ್‌ಗೆ ಇನ್ನೊಂದು ರಾತ್ರಿ ಕೇಳಿದ, ಬೈದು ಕೂರಿಸಿದೆವು. ಶುಲ್ಕ 90 ಯೂರೋ, ಇನ್ಶೂರೆನ್ಸ್ ಕನಿಷ್ಠ 30,000 ಯೂರೋಗೆ ಇರಬೇಕು. ಅದೆಲ್ಲ ಸುಲಭ. ಕಷ್ಟ ಇರೋದು ನಮ್ಮ ಕಾಗದಗಳಲ್ಲಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ನಮ್ಮ ಐಟಿ ರಿಟರ್ನ್ ನೋಡಿದರೆ ಬಸ್ ಚಾರ್ಜಿಗೂ ಗತಿ ಇಲ್ಲದವರ ಥರ ಕಾಣುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ವರ್ಷಕ್ಕೊಮ್ಮೆ ದುಡ್ಡು ಬರುತ್ತದೆ, ಉಳಿದ ಹನ್ನೊಂದು ತಿಂಗಳು ಹೋಗುತ್ತಾ ಇರುತ್ತದೆ. ವಿರಾಜಪೇಟೆಯದು ಇನ್ನೂ ಚಂದ. ಅವನದು ಜಮ್ಮಾ ಜಾಗ, ಅಂದರೆ ತಲೆತಲಾಂತರದಿಂದ ಇಡೀ ಕುಟುಂಬಕ್ಕೆ ಸೇರಿದ ಜಮೀನು. ಪಹಣಿಯಲ್ಲಿ ಪಟ್ಟೇದಾರ (ಕುಟುಂಬದ ಯಜಮಾನ) ದೊಡ್ಡಪ್ಪನಿಂದ ಶುರುವಾಗಿ ಇಡೀ ಕುಟುಂಬದ ಹೆಸರಿದೆ, ಇವನದು ಹುಡುಕಬೇಕು. ಅದಕ್ಕೆ ಇಂಗ್ಲಿಷ್ ಅನುವಾದ, ಜೊತೆಗೆ ಒಂದು ಪುಟದ ವಿವರಣೆ ಬರೆದುಕೊಟ್ಟಿದ್ದೇನೆ. ಜಮ್ಮಾ ಅಂದರೆ ಏನು ಅಂತ ಇಲ್ಲಿನ ಕಚೇರಿಗಳಲ್ಲೇ ಅರ್ಥ ಮಾಡಿಸೋದು ಕಷ್ಟ, ವಿಯೆನ್ನಾದವರಿಗೆ ಹೇಗೆ ಹೇಳಲಿ!

ಫೋಟೋ ಎರಡು ಸಲ ಆಯಿತು. 35 ಮಿಮೀ ಅಗಲ, 45 ಮಿಮೀ ಎತ್ತರ ಅಂತ ಚೀಟಿ ಬರೆದುಕೊಟ್ಟರೂ ಸ್ಟುಡಿಯೋದವರು ಪ್ರೀತಿಯಿಂದ ನನ್ನ ಹಣೆಯ ಗಾಯದ ಗುರುತು ಅಳಿಸಿ, ಬಣ್ಣ ತಿಳಿ ಮಾಡಿ ಕೊಟ್ಟರು. ಅಮ್ಮನಿಗೆ ಆ ಫೋಟೋ ತುಂಬಾ ಇಷ್ಟ ಆಗಿ ಶೋಕೇಸ್‌ನಲ್ಲಿ ಇಟ್ಟಿದ್ದಾಳೆ.

ಬಟ್ಟೆ ವಿಷಯ ಬೇಗ ಮುಗಿಸುತ್ತೇನೆ. ಥರ್ಮಲ್ ತಗೊಂಡಾಯಿತು. ಬೆಳಗ್ಗೆ ಐದೂವರೆಗೆ ಹಾಕಿಕೊಂಡು ತೋಟ ಸುತ್ತಿದೆ, ಅರ್ಧ ದಾರಿಗೆ ಬೆವರು. ಜಾಕೆಟ್ಟಿಗಿಂತ ಶೂ ಮುಖ್ಯ ಅನ್ನೋದು ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ಒದ್ದೆ ಸಾಕ್ಸಿನಲ್ಲಿ ದಿನ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ವಿರಾಜಪೇಟೆ ಪಂದಿ (ಹಂದಿ ಮಾಂಸದ) ಉಪ್ಪಿನಕಾಯಿ ತರುತ್ತೇನೆ ಅಂತ ಕುಣಿಯುತ್ತಿದ್ದ. ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ಯೂರೋಪಿಯನ್ ಯೂನಿಯನ್ ಒಳಗೆ ಬಿಡುವುದಿಲ್ಲ. ಎರಡು ದಿನ ಮಾತಾಡಲಿಲ್ಲ ಅವನು.

ಈಗ ಬಾಕಿ ಇರೋದು ರೈಲು ಟಿಕೆಟ್. ಅಲ್ಲಿ ಪ್ರತಿ ವರ್ಷ ಡಿಸೆಂಬರ್ ಮಧ್ಯದಲ್ಲಿ ವೇಳಾಪಟ್ಟಿ ಬದಲಾಗುತ್ತದೆ, ಅದಾದ ನಂತರದ ಟಿಕೆಟ್ ತಡವಾಗಿ ಬಿಡುತ್ತಾರೆ. ಮ್ಯೂನಿಕ್‌ನಿಂದ ವೆನಿಸ್ ಸಿಕ್ಕಿತು. ವಿಯೆನ್ನಾದಿಂದ ಪ್ರಾಗ್ ಇನ್ನೂ ಇಲ್ಲ. ವೀಸಾಗೆ ಬೆರಳ ಗುರುತು ಕೊಡೋಕೆ ಬುಧವಾರ ಬೆಂಗಳೂರು, ಬೆಳಗಿನ ಜಾವ ಮೂರಕ್ಕೆ ಕುಶಾಲನಗರದ ಕಾರು. ಅಲ್ಲಿಯವರೆಗೆ ದಿನಾ ರಾತ್ರಿ ಊಟ ಆದ ಮೇಲೆ ನೆಟ್‌ವರ್ಕ್ ಸಿಗುವ ಕಣದ ಮೂಲೆಗೆ ಹೋಗಿ ಟಿಕೆಟ್ ಬಂತಾ ಅಂತ ನೋಡುತ್ತಿದ್ದೇನೆ, ನಾಯಿಯೂ ಜೊತೆಗೆ ಬರುತ್ತದೆ.